ಟೆಲಿ ಮಾನಸ್ 14416: ಬಳಸಿ ನೋಡಿದವನ ವಿಮರ್ಶೆ

ಕೇಂದ್ರ ಆರೋಗ್ಯ ಸಚಿವಾಲಯದ ಟೆಲಿ ಮಾನಸ್ ಸಹಾಯವಾಣಿಯ ಬಗ್ಗೆ ನಾನು ಕೇಳಿರುವ ಮಾತುಗಳು ಹೆಚ್ಚಾಗಿ ಎರಡು ಬಗೆಯವು. ಒಮ್ಮೆಯೂ ಕರೆ ಮಾಡದವರು ‘ನಾಲ್ಕು ಸಮಾಧಾನದ ಮಾತು ಹೇಳಿ ಫೋನ್ ಇಟ್ಟುಬಿಡುತ್ತಾರೆ’ ಎನ್ನುತ್ತಾರೆ. ಕರೆ ಮಾಡಿದ ಕೆಲವರು ಒಂದೇ ಸಲಕ್ಕೆ ತೊಂದರೆ ವಾಸಿಯಾಗಲಿಲ್ಲವೆಂದು ಬೇಸರಪಡುತ್ತಾರೆ. ಮೊದಲು ನನಗಾಗಿಯೂ ಆಮೇಲೆ ನಮ್ಮ ಚಿಕ್ಕಮ್ಮನಿಗಾಗಿಯೂ ಈ ಸೇವೆಯನ್ನು ಬಳಸಿರುವ ನನಗೆ ಈ ಎರಡು ಅಳತೆಗೋಲುಗಳೂ ಸರಿಕಾಣುವುದಿಲ್ಲ. ನಮಗಾಗುತ್ತಿರುವುದು ಬದುಕಿನ ಸಹಜ ಒತ್ತಡವೋ, ಚಿಕಿತ್ಸೆ ಬೇಕಾದ ಕಾಯಿಲೆಯೋ, ಕಾಯಿಲೆಯಾದರೆ ಯಾರ ಬಳಿಗೆ ಹೋಗಬೇಕು ಎಂಬುದನ್ನು ತಿಳಿದವರೊಬ್ಬರ ನೆರವಿನಿಂದ ವಿಂಗಡಿಸಿಕೊಳ್ಳುವುದಕ್ಕೆ ಈ ಸಹಾಯವಾಣಿ ಇದೆ. ಅದನ್ನು ಆ ಕೆಲಸದಿಂದಲೇ ಅಳೆಯಬೇಕು.

2022–23ರ ಕೇಂದ್ರ ಬಜೆಟ್ಟಿನಲ್ಲಿ ಘೋಷಣೆಯಾದ ಈ ಸೇವೆ 2022ರ ಅಕ್ಟೋಬರ್ 10ರಂದು, ಅಂದರೆ ವಿಶ್ವ ಮಾನಸಿಕ ಆರೋಗ್ಯ ದಿನದಂದು ಆರಂಭವಾಯಿತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಇದರ ಮೇರು ಸಂಸ್ಥೆ. ತಂತ್ರಜ್ಞಾನದ ನೆರವು ಕೊಟ್ಟಿರುವುದೂ ಬೆಂಗಳೂರಿನದೇ ಆದ ಐಐಐಟಿ. 14416 ಅಥವಾ 1-800-891-4416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಹಣ ಕೊಡಬೇಕಾಗಿಲ್ಲ. ಕನ್ನಡವೂ ಸೇರಿದಂತೆ 20 ಭಾಷೆಗಳಲ್ಲಿ ಸೇವೆಯಿದ್ದು, ಭಾಷೆಯನ್ನು ಆರಿಸಿಕೊಂಡ ಮೇಲೆ ಕರೆಯು ತರಬೇತಿ ಪಡೆದ ಆಪ್ತಸಮಾಲೋಚಕರಿಗೆ ಹೋಗುತ್ತದೆ. ಅವರ ಹಿಂದೆ ಮನೋವೈದ್ಯರೂ ಇತರ ತಜ್ಞರೂ ಇರುತ್ತಾರೆ. ನೇರ ತಪಾಸಣೆ ಬೇಕೆನಿಸಿದರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡಕ್ಕೋ ವೈದ್ಯಕೀಯ ಕಾಲೇಜಿಗೋ ಕಳುಹಿಸುತ್ತಾರೆ. ದೇಶದಲ್ಲಿ ಈವರೆಗೆ ಬಂದಿರುವ ಕರೆಗಳು 20 ಲಕ್ಷವನ್ನು ದಾಟಿವೆ.

ನನ್ನ ತೊಂದರೆ ಎದೆಯಿಂದ ಶುರುವಾದದ್ದು. ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವವರಿಗೆ ಮಾರ್ಚ್ ತಿಂಗಳು ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಆ ದಿನಗಳಲ್ಲಿ ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಳ್ಳುವುದು, ಅಂಗೈ ಬೆವರುವುದು, ಉಸಿರು ಸಾಲದೆ ಈಗಲೇ ಪ್ರಾಣ ಹೋಗುತ್ತದೇನೋ ಎನ್ನಿಸುವುದು ಆರಂಭವಾಯಿತು. ಮನೆಯಲ್ಲಿ ಎಲ್ಲರೂ ಗ್ಯಾಸ್ಟ್ರಿಕ್ ಎಂದರು. ನಮ್ಮಲ್ಲಿ ಎದೆಯ ಸುತ್ತಮುತ್ತ ಏನಾದರೂ ಮೊದಲು ಹೊರಗೆ ಬರುವುದು ಜೀರಿಗೆ ಕಷಾಯವೇ ತಾನೆ. ಇಸಿಜಿ ಸರಿಯಿತ್ತು, ಥೈರಾಯ್ಡ್ ಪರೀಕ್ಷೆಯೂ ಸರಿಯಿತ್ತು. ಪರೀಕ್ಷಿಸಿದ ವೈದ್ಯರು ‘ಏನೂ ಇಲ್ಲ, ಟೆನ್ಷನ್ ಮಾಡ್ಕೋಬೇಡಿ’ ಎಂದು ಬೆನ್ನು ತಟ್ಟಿ ಕಳುಹಿಸಿದರು. ಹೃದಯಕ್ಕೆ ಏನೂ ಆಗಿಲ್ಲವೆಂಬುದು ಸಂತೋಷದ ಸಂಗತಿಯೇ, ಆದರೆ ಏನೂ ಆಗದವನಿಗೆ ಹಾಗೇಕೆ ಆಗುತ್ತಿದೆ ಎಂಬ ಪ್ರಶ್ನೆಯನ್ನು ಆ ಮಾತು ಅಲ್ಲಿಗೇ ಮುಚ್ಚಿಬಿಡುತ್ತದೆ.

ಕೊನೆಗೆ ನಾನು 14416ಕ್ಕೆ ಕರೆ ಮಾಡಿದೆ. ಕರೆಯನ್ನು ಸ್ವೀಕರಿಸಿದವರು ಸಮಾಧಾನದ ಮಾತಿನಿಂದ ಆರಂಭಿಸಲಿಲ್ಲ. ಯಾವಾಗಿನಿಂದ, ಎಷ್ಟು ಹೊತ್ತು ಇರುತ್ತದೆ, ಅದು ಬಂದಾಗ ಏನು ಮಾಡುತ್ತೀರಿ, ಬರಬಹುದೆಂಬ ಹೆದರಿಕೆಯಿಂದ ಎಲ್ಲಿಗಾದರೂ ಹೋಗುವುದನ್ನು ಬಿಟ್ಟಿದ್ದೀರಾ ಎಂದು ಒಂದೊಂದಾಗಿ ಕೇಳಿದರು. ಬಸ್ಸಿನಲ್ಲಿ ಒಬ್ಬನೇ ಹೋಗುವುದನ್ನು ನಿಲ್ಲಿಸಿದ್ದೇನೆಂಬುದನ್ನು ನಾನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ‘ಸರ್, ನಿಮಗೆ ನಿದ್ದೆ ಹತ್ತೋದೇ ತಡ ಆಗುತ್ತಾ, ಇಲ್ಲಾ ಬೆಳಗಿನ ಜಾವಕ್ಕೇ ಎಚ್ಚರ ಆಗಿಬಿಡುತ್ತಾ?’ ಎಂದು ಕೇಳಿದರು. ಕಾಫಿ ಎಷ್ಟು, ಕುಡಿತ ಉಂಟೇ, ನಿದ್ದೆಗೆಂದು ಅಂಗಡಿಯಿಂದ ಮಾತ್ರೆ ತಂದು ನುಂಗುತ್ತಿದ್ದೀರಾ ಎಂದೂ ಕೇಳಿದರು. ಆಮೇಲೆ ಬಂದ ಪ್ರಶ್ನೆಯೇ ಇಡೀ ಕರೆಯ ಜೀವಾಳವೆಂದು ನನಗೆ ಈಗಲೂ ಅನ್ನಿಸುತ್ತದೆ: ‘ಮಾರ್ಚ್ ಮುಗಿದ ಮೇಲೆ ಕಡಿಮೆ ಆಯ್ತಾ?’ ಆಗಿರಲಿಲ್ಲ. ಲೆಕ್ಕ ತಾಳೆಯಾಗಿತ್ತು, ತಪಾಸಣೆಯವರು ಬಂದು ಹೋಗಿದ್ದರು, ಮಳೆಗಾಲವೂ ಶುರುವಾಗಿತ್ತು. ಎದೆಯ ಹೊಡೆತ ಮಾತ್ರ ಹಾಗೆಯೇ ಇತ್ತು.

ಒತ್ತಡಕ್ಕೂ ಆತಂಕದ ಕಾಯಿಲೆಗೂ ಇರುವ ಗೆರೆಯನ್ನು ಆ ಸಮಾಲೋಚಕರು ಅಲ್ಲಿಯೇ ಎಳೆದು ತೋರಿಸಿದರು. ಒತ್ತಡಕ್ಕೆ ಸಾಮಾನ್ಯವಾಗಿ ಹೊರಗೆ ಒಂದು ಕಾರಣವಿರುತ್ತದೆ, ಕಾರಣ ಸರಿದಾಗ ಅದೂ ಇಳಿಯುತ್ತದೆ. ಆತಂಕದ ಕಾಯಿಲೆಯು ಕಾರಣ ಹೋದ ಮೇಲೂ ಉಳಿದುಕೊಂಡು, ನಮ್ಮ ಓಡಾಟ, ನಿದ್ದೆ, ಕೆಲಸಗಳನ್ನು ಒಂದೊಂದಾಗಿ ಕಿತ್ತುಕೊಳ್ಳುತ್ತದೆ. ನನಗೆ ಬರುತ್ತಿದ್ದುದು ಪ್ಯಾನಿಕ್ ಅಟ್ಯಾಕ್ ಇರಬಹುದು, ಅದನ್ನು ಮನೋವೈದ್ಯರೇ ನೋಡಿ ನಿಶ್ಚಯಿಸಬೇಕು ಎಂದರು. ಅದು ಕೆಲವೇ ನಿಮಿಷಗಳಲ್ಲಿ ತುದಿಗೇರಿ ತಾನಾಗಿ ಇಳಿಯುತ್ತದೆ, ಹೃದಯ ಪರೀಕ್ಷೆ ಸರಿಯಿರುವಾಗ ಅದರಿಂದ ಪ್ರಾಣಾಪಾಯವಿಲ್ಲ ಎಂದೂ, ಅಂಥ ಹೊತ್ತಿನಲ್ಲಿ ಉಸಿರನ್ನು ಒಳಗೆ ಎಳೆದುಕೊಳ್ಳುವುದಕ್ಕಿಂತ ಹೊರಗೆ ಬಿಡುವುದಕ್ಕೆ ಹೆಚ್ಚು ಸಮಯ ಕೊಡಬೇಕೆಂದೂ ಹೇಳಿ, ಫೋನಿನಲ್ಲೇ ನನ್ನಿಂದ ಹಾಗೆ ಮಾಡಿಸಿದರು. ಫೋನಿನಲ್ಲೇ ರೋಗಕ್ಕೆ ಮುದ್ರೆಯೊತ್ತದೆ ‘ಇರಬಹುದು’ ಎಂಬಲ್ಲಿಗೆ ನಿಲ್ಲಿಸಿದ್ದು ಈ ಸೇವೆಯ ಬಗ್ಗೆ ನನಗೆ ನಂಬಿಕೆ ಹುಟ್ಟಿಸಿದ ಸಂಗತಿ.

ಹೋಲಿಕೆಗಾಗಿ ಇನ್ನೊಂದು ಅನುಭವವನ್ನು ಹೇಳಬೇಕು. ಇದಕ್ಕೂ ಮೊದಲು ನಾನು ಖಾಸಗಿ ಸಮಾಲೋಚನೆಯ ಆ್ಯಪ್ ಒಂದಕ್ಕೆ ಹಣ ಕಟ್ಟಿದ್ದೆ. ಅದರ ಹೆಸರು ಇಲ್ಲಿ ಬೇಡ. ಮೊದಲ ಪರದೆಯಲ್ಲಿ ಕನ್ನಡವಿತ್ತು, ಮಾತಿಗೆ ಸಿಕ್ಕವರಿಗೆ ಕನ್ನಡವಿರಲಿಲ್ಲ. ಕಚೇರಿಯ ಪತ್ರವ್ಯವಹಾರವನ್ನೆಲ್ಲ ಇಂಗ್ಲಿಷಿನಲ್ಲೇ ನಡೆಸುವ ನನಗೆ ಹೊಟ್ಟೆಯೊಳಗಿನ ಕಳವಳವನ್ನು ಆ ಭಾಷೆಯಲ್ಲಿ ಹೇಳಲು ಬರಲಿಲ್ಲ. ಹೇಳಿದಷ್ಟೂ ಬೇರೆ ಯಾರದೋ ಕಥೆಯನ್ನು ಹೇಳಿದಂತಾಗುತ್ತಿತ್ತು. ಗೊತ್ತುಪಡಿಸಿದ ಹೊತ್ತಿಗೆ ಸರಿಯಾಗಿ ಅದೇ ವ್ಯಕ್ತಿಯೊಡನೆ ಮಾತನಾಡುವ ಅನುಕೂಲ ಆ ಆ್ಯಪಿನಲ್ಲಿತ್ತು ಎಂಬುದನ್ನೂ ಒಪ್ಪಿಕೊಳ್ಳಬೇಕು. ವಾರಕ್ಕೊಮ್ಮೆಯಂತೆ ತಿಂಗಳುಗಟ್ಟಲೆ ಒಬ್ಬರೇ ತಜ್ಞರೊಡನೆ ನಡೆಯುವ ಮನೋಚಿಕಿತ್ಸೆಗೆ ಟೆಲಿ ಮಾನಸ್ ರೂಪುಗೊಂಡಿಲ್ಲ. ಅದು ಬೇಕಾದವರು ಬೇರೆ ಕಡೆಗೆ ನೋಡಬೇಕು.

ಚಿಕ್ಕಮ್ಮನ ಸಂಗತಿ ಇನ್ನೂ ನಾಜೂಕಿನದು. ಚಿಕ್ಕಪ್ಪ ಹೋದ ಮೇಲೆ ಅವರಿಗೆ ಮೈಕೈ ನೋವು, ಸುಸ್ತು, ಊಟ ಸೇರದು. ರಕ್ತಪರೀಕ್ಷೆಗಳಲ್ಲಿ ಏನೂ ಸಿಗಲಿಲ್ಲ. ಖಿನ್ನತೆಯು ನಮ್ಮ ಮನೆಗಳಲ್ಲಿ, ಅದರಲ್ಲೂ ಹಿರಿಯ ಹೆಂಗಸರಲ್ಲಿ, ಅಳುವಿಗಿಂತ ಹೆಚ್ಚಾಗಿ ಹೀಗೆ ದೇಹದ ನೋವಾಗಿಯೇ ಕಾಣಿಸಿಕೊಳ್ಳುತ್ತದೆ. ತಾನಾಗಿ ಕರೆ ಮಾಡಲು ಅವರು ಒಪ್ಪುವವರಲ್ಲ. ಮನೆಯವರೂ ಕರೆ ಮಾಡಬಹುದಾದ್ದರಿಂದ ನಾನು ಮಾಡಿದೆ. ಸ್ವಲ್ಪ ಹೊತ್ತು ನನ್ನಿಂದ ಕೇಳಿಕೊಂಡ ಸಮಾಲೋಚಕಿ, ಚಿಕ್ಕಮ್ಮನಿಗೆ ಫೋನ್ ಕೊಡಲು ಹೇಳಿ, ಕಾಯಿಲೆಯ ಸುದ್ದಿಯನ್ನೇ ಎತ್ತದೆ ‘ಅಮ್ಮಾ, ಇವತ್ತು ಏನು ಅಡುಗೆ ಮಾಡಿದ್ರಿ?’ ಎಂದರು. ‘ಏನೂ ಮಾಡಬೇಕು ಅನ್ನಿಸ್ಲಿಲ್ಲ ಕಣಮ್ಮ’ ಎಂಬ ಉತ್ತರ ಬಂತು. ಅಲ್ಲಿಂದ ಮಾತು ಮುಂದುವರಿದು, ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುವುದು, ಮೊಮ್ಮಗ ಬಂದರೂ ಮನಸ್ಸು ಅರಳದಿರುವುದು, ತಾನೊಬ್ಬಳು ಎಲ್ಲರಿಗೂ ಭಾರ ಎನ್ನಿಸುವುದು ಎಲ್ಲವೂ ಹೊರಬಂದವು. ಬದುಕು ಬೇಡವೆಂಬ ಯೋಚನೆ ಬರುತ್ತದೆಯೇ ಎಂದು ಆಕೆ ನೇರವಾಗಿ ಕೇಳಿದಾಗ ಪಕ್ಕದಲ್ಲಿದ್ದ ನಾನೇ ಬೆಚ್ಚಿದೆ. ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ತಲೆಗೆ ಹೊಗುವುದಿಲ್ಲ, ಇದ್ದರೆ ಹೇಳಿಕೊಳ್ಳಲು ದಾರಿಯಾಗುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಎಲ್ಲರೂ ಒಪ್ಪುವ ಮಾತು.

ದುಃಖ ಸಹಜ, ಗಂಡನನ್ನು ಕಳೆದುಕೊಂಡವರು ದುಃಖಪಡದೆ ಇರುವುದುಂಟೇ ಎಂಬುದು ನಮ್ಮೆಲ್ಲರ ವಾದವಾಗಿತ್ತು. ಸಮಾಲೋಚಕಿ ಅದನ್ನು ಅಲ್ಲಗಳೆಯಲಿಲ್ಲ. ಆದರೆ ಮನಸ್ಸು ಕುಗ್ಗಿರುವುದು, ಯಾವುದರಲ್ಲಿಯೂ ಆಸಕ್ತಿಯಿಲ್ಲದಿರುವುದು, ಇವುಗಳ ಜೊತೆಗೆ ನಿದ್ದೆ, ಹಸಿವು, ಶಕ್ತಿ ಎಲ್ಲವೂ ಕೆಟ್ಟು, ಎರಡು ವಾರಕ್ಕೂ ಮೀರಿ ದಿನದ ಬಹುಭಾಗ ಹಾಗೆಯೇ ಇದ್ದರೆ ವೈದ್ಯರು ನೋಡಲೇಬೇಕು ಎಂದು ಹೇಳಿ, ಸರ್ಕಾರಿ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಹೋಗಲು ಸೂಚಿಸಿದರು.

ನನ್ನ ಮೆಚ್ಚುಗೆ ಕುಗ್ಗುವುದು ಇಲ್ಲಿಂದ ಮುಂದೆ. ಸಹಾಯವಾಣಿ ತೋರಿಸಿದ ಬಾಗಿಲು ಎಷ್ಟು ಅಗಲವಾಗಿದೆ ಎಂಬುದು ಸಹಾಯವಾಣಿಯ ಕೈಯಲ್ಲಿಲ್ಲ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಜನ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದರು. ಖಿನ್ನತೆ, ಆತಂಕದಂಥ ಸಾಮಾನ್ಯ ಮಾನಸಿಕ ಕಾಯಿಲೆಗಳಿದ್ದವರಲ್ಲಿ ಬಹುಪಾಲು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಇಂದು ದೇಶವೆಲ್ಲ ಅನುಸರಿಸುತ್ತಿರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಸಿಕ್ಕಿದ್ದು 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ. ಅಂಥ ರಾಜ್ಯದಲ್ಲಿಯೂ ನಾವು ಹೋದ ಆಸ್ಪತ್ರೆಯಲ್ಲಿ ಮನೋವೈದ್ಯರ ಕೊಠಡಿಯ ಬಾಗಿಲು ತೆರೆದೇ ಇತ್ತು, ಒಳಗಿನ ಮಾತೆಲ್ಲ ಸಾಲಿನಲ್ಲಿ ನಿಂತವರಿಗೆ ಕೇಳಿಸುತ್ತಿತ್ತು. ಪಕ್ಕದ ಬೀದಿಯವರು ನೋಡಿಬಿಟ್ಟರೆಂದು ಚಿಕ್ಕಮ್ಮ ಸೆರಗನ್ನು ಮುಖಕ್ಕೆ ಎಳೆದುಕೊಂಡರು. ಮನೆಯೊಳಗೆ ಕೂತು ಫೋನಿನಲ್ಲಿ ಬಿಚ್ಚಿಟ್ಟ ಮಾತುಗಳಲ್ಲಿ ಕಾಲುಭಾಗವೂ ಅಲ್ಲಿ ಬಾಯಿಗೆ ಬರಲಿಲ್ಲ. ಡಾಕ್ಟರು ಒಳ್ಳೆಯವರು, ಅವರಿಗೆ ಪುರುಸೊತ್ತಿರಲಿಲ್ಲ.

ಔಷಧಿಯ ಬಗ್ಗೆ ಸಹಾಯವಾಣಿಯಲ್ಲಿ ಮೊದಲೇ ಕೇಳಿಟ್ಟುಕೊಂಡದ್ದು ಇಲ್ಲಿ ಉಪಯೋಗಕ್ಕೆ ಬಂತು. ಖಿನ್ನತೆ, ಆತಂಕಗಳಿಗೆ ಸಾಮಾನ್ಯವಾಗಿ ಕೊಡುವ ಮಾತ್ರೆಗಳು ಕೆಲಸ ತೋರಿಸಲು ಕೆಲವು ವಾರಗಳೇ ಬೇಕು, ಮೊದಲ ದಿನಗಳಲ್ಲಿ ಹೊಟ್ಟೆ ತೊಳಸಿದಂತಾಗಬಹುದು, ಗುಣವಾಯಿತೆಂದು ತಾವಾಗಿ ಥಟ್ಟನೆ ನಿಲ್ಲಿಸಬಾರದು. ಚಟವಾಗುವ ಅಪಾಯವಿರುವುದು ನಿದ್ದೆಗೆಂದು ಬಹುದಿನ ನುಂಗುವ ಕೆಲವು ಮಾತ್ರೆಗಳಿಂದ. ಖಿನ್ನತೆಯ ಮಾತ್ರೆಗಳನ್ನು ಆ ಸಾಲಿಗೆ ಸೇರಿಸಬಾರದು. ಇಷ್ಟು ಗೊತ್ತಿಲ್ಲದಿದ್ದರೆ ‘ಎಂಟು ದಿನ ತಗೊಂಡೆ, ಏನೂ ಆಗಲಿಲ್ಲ’ ಎಂದು ಚಿಕ್ಕಮ್ಮ ಮಾತ್ರೆಯ ಹಾಳೆಯನ್ನು ದೇವರ ಮನೆಯ ಕಪಾಟಿನ ಹಿಂದೆ ಸೇರಿಸುತ್ತಿದ್ದುದು ಖಂಡಿತ.

ಗುಟ್ಟಿನ ಬಗ್ಗೆ ಅನೇಕರು ಕೇಳುತ್ತಾರೆ. 2018ರಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಚಿಕಿತ್ಸೆಯ ವಿವರಗಳನ್ನು ಗೋಪ್ಯವಾಗಿಡುವಂತೆ ಹೇಳುತ್ತದೆ, ಮಾತ್ರವಲ್ಲದೆ ದೇಹದ ಕಾಯಿಲೆಗಳಿಗೆ ಇರುವಂತೆಯೇ ಮನಸ್ಸಿನ ಕಾಯಿಲೆಗಳಿಗೂ ವಿಮೆ ಇರಬೇಕೆನ್ನುತ್ತದೆ. ‘ನಿಮ್ಹಾನ್ಸಿಗೆ ಸೇರಿಸಬೇಕು ನಿನ್ನ’ ಎಂಬುದು ಇನ್ನೂ ಬೈಗುಳವಾಗಿರುವ ನಾಡಿನಲ್ಲಿ ಕಾಯ್ದೆಯೊಂದರಿಂದಲೇ ಸಂಕೋಚ ಹೋಗುವುದಿಲ್ಲವಾದರೂ, ಮುಖ ತೋರಿಸದೆ ಮಾತನಾಡುವ ಅವಕಾಶವಿರುವುದೇ ಹಲವರಿಗೆ ಸಾಕಾಗಬಹುದು. ಮುಖ ತೋರಿಸಲು ಅಭ್ಯಂತರವಿಲ್ಲದವರಿಗಾಗಿ 2024ರ ಅಕ್ಟೋಬರಿನಲ್ಲಿ ಟೆಲಿ ಮಾನಸ್ ಆ್ಯಪ್ ಬಿಡುಗಡೆಯಾಗಿದ್ದು, ವಿಡಿಯೊ ಸಮಾಲೋಚನೆ ಮೊದಲು ಬಂದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ವಿಡಿಯೊವನ್ನು ನಾನು ಬಳಸಿಲ್ಲ, ಅದರ ಬಗ್ಗೆ ತೀರ್ಪು ಕೊಡಲಾರೆ.

ಕರೆ ಮಾಡುವವರಿಗೆ ನನ್ನ ಸಲಹೆಗಳು ಕೆಲವೇ. ಟಿವಿಯ ಸದ್ದಿಲ್ಲದ ಜಾಗ ಹುಡುಕಿಕೊಳ್ಳಿ. ಈಗಾಗಲೇ ತೆಗೆದುಕೊಳ್ಳುತ್ತಿರುವ ಔಷಧಿಗಳ ಚೀಟಿ ಕೈಯಲ್ಲಿರಲಿ, ತೊಂದರೆ ಯಾವ ತಿಂಗಳಿನಿಂದ ಎಂಬುದನ್ನು ನೆನಪು ಮಾಡಿಕೊಂಡಿರಿ, ಮತ್ತು ಮುಂದಿನ ವಿಳಾಸವನ್ನು ಬರೆದುಕೊಳ್ಳಲು ಪೆನ್ನು ಇಟ್ಟುಕೊಳ್ಳಿ. ಎದೆನೋವು ಮೊದಲ ಸಲ ಬಂದವರು ಇಸಿಜಿ ಆಗುವ ತನಕ ಅದನ್ನು ಮನಸ್ಸಿನ ಲೆಕ್ಕಕ್ಕೆ ಹಾಕಬಾರದು. ಯಾರಾದರೂ ತಮ್ಮ ಜೀವಕ್ಕೆ ಆಗಲೇ ಏನಾದರೂ ಮಾಡಿಕೊಂಡಿದ್ದರೆ ಅಥವಾ ಮಾಡಿಕೊಳ್ಳುವ ಅಂಚಿನಲ್ಲಿದ್ದರೆ 112 ಅಥವಾ 108ಕ್ಕೆ ಕರೆ ಮಾಡಿ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಬೇಕು, ಅವರನ್ನು ಒಬ್ಬರೇ ಬಿಡಬಾರದು. 14416ರ ಸರದಿ ಅದಾದ ಮೇಲೆ.