ಅಜ್ಜನ ಮನೆ ಗೋಡೆಗೆ ನಾಲ್ಕು ಗಾರೆ ಹಾಕಿ ನೋಡಿದೆ

ಮೈಸೂರಿನ ಅಗ್ರಹಾರದಲ್ಲಿರುವ ನಮ್ಮಜ್ಜನ ಮನೆ ಪೂರ್ತಿ ಸುಣ್ಣದ ಗಾರೆಯದ್ದು. ಒಂದೂವರೆ ಅಡಿ ದಪ್ಪದ ಇಟ್ಟಿಗೆ ಗೋಡೆ, ಮೇಲೆ ಮರದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿದ ಮದ್ರಾಸ್ ತಾರಸಿ. ಹತ್ತು ವರ್ಷದ ಹಿಂದೆ ಬಚ್ಚಲ ಪಕ್ಕದ ಗೋಡೆಗೆ ತೇವ ಹತ್ತಿದಾಗ ಒಬ್ಬ ಕಂಟ್ರಾಕ್ಟರ್ ಬಂದು ಸೊಂಟದೆತ್ತರಕ್ಕೆ ಸಿಮೆಂಟ್ ಬಳಿದು ಹೋದರು. ಎರಡು ಮಳೆಗಾಲ ಕಳೆಯೋದರಲ್ಲಿ ತೇವ ಎದೆಯೆತ್ತರಕ್ಕೆ ಏರಿತ್ತು. ನೆಲದಿಂದ ಮೇಲೇರುವ ನೀರು ಗೋಡೆಯ ಮೈಯಿಂದ ಆವಿಯಾಗಿ ಹೋಗಬೇಕು. ಆ ದಾರಿ ಮುಚ್ಚಿದರೆ ಅದು ಇನ್ನೂ ಮೇಲಕ್ಕೆ ಹತ್ತದೆ ಇನ್ನೇನು ಮಾಡೀತು?

ಆ ಸಿಮೆಂಟನ್ನೆಲ್ಲ ಕಿತ್ತು ಹಾಕಿಸಿದೆ. ಆದರೆ ಇಡೀ ಗೋಡೆಗೆ ಕೈ ಹಾಕುವ ಧೈರ್ಯ ಬರಲಿಲ್ಲ. ಮೂರಡಿ ಅಗಲ, ನಾಲ್ಕಡಿ ಎತ್ತರದ ನಾಲ್ಕು ಜಾಗ ಗುರುತು ಮಾಡಿ, ಒಂದೊಂದಕ್ಕೆ ಒಂದೊಂದು ಗಾರೆ ಹಾಕಿಸಿದೆ. ಒಂದು ಡಿಸೆಂಬರಿನಲ್ಲಿ ಶುರು ಮಾಡಿ ಎರಡು ಮಳೆಗಾಲ ನೋಡಿದೆ.

ಮೊದಲನೆಯದು ಸಿಮೆಂಟೇ, ಒಂದಕ್ಕೆ ಆರು ಮರಳು. ಮೇಸ್ತ್ರಿ ಬಿಡಲಿಲ್ಲ. ‘ಸಾರ್, ಸಿಮೆಂಟ್ ನಾಳೆಗೇ ಮುಗೀತದೆ, ಸುಣ್ಣ ಸತಾಯಿಸ್ತದೆ’ ಅಂದರು. ಸರಿ, ಹೋಲಿಸಿ ನೋಡೋಕಾದರೂ ಇರಲಿ ಅಂತ ಒಪ್ಪಿದೆ.

ಎರಡನೆಯದು ಬರೀ ಸುಣ್ಣ, ಒಂದಕ್ಕೆ ಮೂರು ಮರಳು. ಈ ಮೂರು ಎಲ್ಲಿಂದ ಬಂತು ಅಂತ ಲೋಟದಲ್ಲೇ ನೋಡಬಹುದು. ಒಂದು ಲೋಟ ಒಣ ಮರಳಿಗೆ ಅದು ಹಿಡಿಯುವಷ್ಟು ನೀರು ಸುರಿಯಿರಿ. ಸುಮಾರು ಮೂರನೇ ಒಂದು ಲೋಟ ಹಿಡಿಯುತ್ತದೆ. ಮರಳಿನ ಸಂದುಗಳನ್ನು ತುಂಬುವಷ್ಟು ಸುಣ್ಣ ಬೇಕು, ಅಷ್ಟೇ.

ಸುಣ್ಣ ಸತಾಯಿಸಿದ್ದು ನಿಜ. ಸುಟ್ಟ ಸುಣ್ಣದ ಕಲ್ಲು ತಂದು ಅರಳಿಸಿದೆ. ಡ್ರಮ್ಮಿಗೆ ಮೊದಲು ನೀರು, ಆಮೇಲೆ ಕಲ್ಲು. ಕಣ್ಣಿಗೆ ಕನ್ನಡಕ ಬೇಕೇ ಬೇಕು. ಬುಸ್ ಅಂತ ಕುದಿಯೋಕೆ ಶುರುವಾದರೆ ಹತ್ತಿರ ನಿಲ್ಲೋಕಾಗಲ್ಲ. ಜರಡಿ ಹಿಡಿದು, ನೀರಿನಡಿ ಒಂದು ತಿಂಗಳಾದರೂ ನೆನೆಯಲು ಬಿಡಬೇಕಿತ್ತು. ನಾನು ಹತ್ತೇ ದಿನಕ್ಕೆ ತೆಗೆದೆ. ಜರಡಿಯನ್ನೂ ಸರಿಯಾಗಿ ಹಿಡಿದಿರಲಿಲ್ಲ. ಮೂರು ವಾರದ ಮೇಲೆ ಒಂದು ಬೆಳಗ್ಗೆ ನೋಡಿದರೆ ಗೋಡೆ ತುಂಬ ಸಿಡುಬಿನ ಕಲೆ! ಕಾಲಾಣೆಯಗಲದ ಗುಂಡಿಗಳು, ಪ್ರತಿಯೊಂದರ ತಳದಲ್ಲೂ ಸಾಸಿವೆ ಕಾಳಿನಷ್ಟು ಬಿಳಿ ಹರಳು. ಅರಳದೆ ಉಳಿದ ಹರಳು ಗೋಡೆಯೊಳಗೆ ತೇವ ಕುಡಿದು, ಉಬ್ಬಿ, ಮೇಲಿನ ಗಾರೆಯನ್ನು ಒದ್ದು ಉದುರಿಸಿತ್ತು. ಕೆರೆದು ಮತ್ತೆ ಹಾಕಿಸಿದೆ, ಈ ಸಲ ಎರಡು ತಿಂಗಳು ನೆನೆಸಿ. ಹಾಗಾಗಿ ಈ ಜಾಗದ ಲೆಕ್ಕ ಉಳಿದವಕ್ಕಿಂತ ಸ್ವಲ್ಪ ತಡವಾಗಿ ಶುರುವಾಯಿತು.

ಮೂರನೆಯದು ಸುರ್ಕಿ. ಒಂದು ಸುಣ್ಣ, ಒಂದು ಇಟ್ಟಿಗೆ ಪುಡಿ, ಎರಡು ಮರಳು. ಕನ್ನಂಬಾಡಿ ಕಟ್ಟೆಯನ್ನೇ ಸಿಮೆಂಟಿಲ್ಲದೆ ಸುರ್ಕಿಯಲ್ಲಿ ಕಟ್ಟಿದ್ದಾರೆ ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು. ಆ ಕೆಲಸ ಶುರುವಾಗಿದ್ದು 1911ರಲ್ಲಿ. ಆದರೂ ಮನೆ ರಿಪೇರಿಗೆ ಸುರ್ಕಿ ಅಂದರೆ ಜನ ನಗುತ್ತಾರೆ. ಇಟ್ಟಿಗೆ ಕಪ್ಪಗೆ ಬೆಂದದ್ದಾಗಬಾರದು, ಹದವಾಗಿ ಬೆಂದ ಹಳೇ ಇಟ್ಟಿಗೆಯೇ ಬೇಕು. ಅದರ ಜೇಡಿ ಸುಣ್ಣದ ಜೊತೆ ಸೇರಿ ಗಟ್ಟಿಯಾಗುತ್ತದೆ. ಅದಕ್ಕೆ ಗಾಳಿ ಬೇಕಂತಿಲ್ಲ, ತೇವದಲ್ಲೂ ಕೂರುತ್ತದೆ. ಹಿಂದೆ ಎತ್ತು ಕಟ್ಟಿ ಗಾಣದಲ್ಲಿ ಅರೆಯುತ್ತಿದ್ದರಂತೆ. ನಮ್ಮಲ್ಲಿದ್ದದ್ದು ಒನಕೆ. ಒಂದು ಗಂಟೆ ಕುಟ್ಟಿದರೆ ಗಾರೆ ಬೆಣ್ಣೆಯ ಹಾಗೆ ಕರಣೆಗೆ ಅಂಟುತ್ತದೆ. ಅತ್ತೆ ಹೇಳಿದರು ಅಂತ ಒಂದು ಬಾಂಡಲಿಗೆ ಬೆಲ್ಲದ ನೀರೂ ಹಾಕಿದೆ. ಬಳಿಯೋಕೆ ಸಲೀಸಾಯಿತು, ಇರುವೆಯೂ ಬಂತು.

ನಾಲ್ಕನೆಯದು ಮೂಟೆಯಲ್ಲಿ ಬರುವ ವಿದೇಶಿ ಸುಣ್ಣ, ಎನ್‌ಎಚ್‌ಎಲ್ 3.5. ನ್ಯಾಚುರಲ್ ಹೈಡ್ರಾಲಿಕ್ ಲೈಮ್, ಅಂದರೆ ನೀರಿನ ಜೊತೆ ಸೇರಿಯೇ ಗಟ್ಟಿಯಾಗುವ ಸುಣ್ಣ. ಜೇಡಿ ಬೆರೆತ ಸುಣ್ಣದ ಕಲ್ಲನ್ನೇ ಸುಟ್ಟು ಮಾಡಿದ್ದು. 28 ದಿನಕ್ಕೆ ಚದರ ಮಿಲಿಮೀಟರಿಗೆ ಕನಿಷ್ಠ 3.5 ನ್ಯೂಟನ್ ಒತ್ತಡ ತಾಳಬೇಕು ಅನ್ನೋದೇ ಆ ಅಂಕಿಯ ಅರ್ಥ. 43 ಗ್ರೇಡ್ ಸಿಮೆಂಟಿನಲ್ಲಿ ಅದೇ ಲೆಕ್ಕ 43. ಅಲ್ಲೇ ಗೊತ್ತಾಗುತ್ತೆ ಅಲ್ವಾ, ಮೆತ್ತಗಿನ ಹಳೇ ಇಟ್ಟಿಗೆಗೆ ಯಾರು ಜೊತೆಯಾಗಬಲ್ಲರು ಅಂತ. ನೀರು ಹಾಕಿ ಕಲಸಿದರೆ ಆಯಿತು, ಬೇರೆ ರಗಳೆ ಇಲ್ಲ. ಬೆಲೆ ಮಾತ್ರ ಸಿಮೆಂಟಿಗಿಂತ ಎಷ್ಟೋ ಪಟ್ಟು ಜಾಸ್ತಿ.

ಹಾಕಿದ ಒಂದೊಂದು ವಾರಕ್ಕೆ ಬೀಗದ ಕೈಯಿಂದ ಗೀರಿ ನೋಡಿದೆ. ಸಿಮೆಂಟಿನ ಮೇಲೆ ಗೆರೆಯೇ ಇಲ್ಲ. ಎನ್‌ಎಚ್‌ಎಲ್ ಮೇಲೆ ತೆಳುವಾಗಿ ಮೂಡಿತು, ಸುರ್ಕಿಯಲ್ಲಿ ಸ್ವಲ್ಪ ಆಳ. ಬರೀ ಸುಣ್ಣ ಪುಡಿ ಉದುರಿಸಿತು. ಮೇಸ್ತ್ರಿ ನನ್ನ ಮುಖ ನೋಡಿ ನಕ್ಕರು.

ಸುಣ್ಣಕ್ಕೆ ಅವಸರ ಇಲ್ಲ. ಅದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಕುಡಿದು ಮತ್ತೆ ಕಲ್ಲಾಗಬೇಕು. ಆರು ತಿಂಗಳಾದ ಮೇಲೆ ಆ ಜಾಗದ ಅಂಚಿನಿಂದ ಒಂದು ಚೂರು ಒಡೆದು, ಕಾಲೇಜ್ ಲ್ಯಾಬಿನಿಂದ ತಂದ ಫಿನಾಲ್ಫ್ತಲೀನ್ ಹನಿಸಿದೆ. ಇನ್ನೂ ಕಲ್ಲಾಗದ ಸುಣ್ಣ ಇದ್ದ ಕಡೆ ಅದು ಗುಲಾಬಿಯಾಗುತ್ತದೆ. ಒಳಗೆಲ್ಲ ಢಾಳು ಗುಲಾಬಿ, ಹೊರಗಿನ ಒಂದು ಸೆಂಟಿಮೀಟರಿನಷ್ಟು ಮಾತ್ರ ಬಣ್ಣ ಇಲ್ಲ. ಕಲ್ಲಾಗಿದ್ದದ್ದು ಅಷ್ಟೇ. ಅಷ್ಟು ದಿನ ಒದ್ದೆ ಗೋಣಿ ಕಟ್ಟಿ, ಬಿಸಿಲಿಗೆ ಒಮ್ಮೆಲೇ ಒಣಗದ ಹಾಗೆ ಕಾದಿದ್ದೆ.

ಎರಡನೇ ಮಳೆಗಾಲ ಮುಗಿದಾಗ ಆಟ ಬದಲಾಗಿತ್ತು. ಸಿಮೆಂಟಿನ ಮೇಲಂಚಿನಲ್ಲಿ, ಮೇಲೇರಿದ ನೀರು ತಂದ ಬಿಳೀ ಉಪ್ಪು ಹೂವಿನ ಹಾಗೆ ಅರಳಿ, ಅಲ್ಲಿನ ಇಟ್ಟಿಗೆ ಬೆರಳಿಗೇ ಪುಡಿಯಾಗುತ್ತಿತ್ತು. ಸಿಮೆಂಟ್ ಮಾತ್ರ ಗುಂಡುಕಲ್ಲಿನ ಹಾಗಿತ್ತು. ಬರೀ ಸುಣ್ಣ ಮೇಲಿನ ಎರಡಡಿಯಲ್ಲಿ ಚೆನ್ನಾಗಿತ್ತು, ನೆಲದ ಹತ್ತಿರ ಚಕ್ಕೆ ಎದ್ದಿತ್ತು. ಉಪ್ಪು ಅಲ್ಲೂ ಬಂದಿತ್ತು, ಆದರೆ ಗಾರೆಯನ್ನು ತಿಂದು ಇಟ್ಟಿಗೆಯನ್ನು ಬಿಟ್ಟಿತ್ತು. ಗಾರೆ ಇರೋದೇ ಅದಕ್ಕೆ. ಅದು ಹೋದರೆ ಮತ್ತೆ ಹಾಕಬಹುದು, ಅಜ್ಜನ ಕಾಲದ ಇಟ್ಟಿಗೆ ಎಲ್ಲಿಂದ ತರೋದು? ಸುರ್ಕಿ ಬುಡದಲ್ಲೂ ಅಲ್ಲಾಡಿರಲಿಲ್ಲ. ಎನ್‌ಎಚ್‌ಎಲ್ ಕೂಡ ಹಾಗೇ, ದೂರಲು ಏನೂ ಇಲ್ಲ.

ನನ್ನ ಆಯ್ಕೆ ಬುಡದ ಮೂರಡಿಗೆ ಸುರ್ಕಿ, ಅದರ ಮೇಲೆ ಬರೀ ಸುಣ್ಣ. ಮಳೆಗೆ ಮುಂಚೆ ಕೆಲಸ ಮುಗಿಯಲೇಬೇಕು, ಸುಣ್ಣ ಅರಳಿಸೋಕೆ ಜಾಗವಿಲ್ಲ ಅನ್ನುವವರು ದುಡ್ಡು ಕೊಟ್ಟು ಎನ್‌ಎಚ್‌ಎಲ್ ತರಲಿ, ತಪ್ಪಿಲ್ಲ. ಪೇಂಟ್ ಅಂಗಡಿಯಲ್ಲಿ ವರ್ಷಗಟ್ಟಲೆ ಕೂತ ಸುಣ್ಣದ ಪುಡಿ ಮಾತ್ರ ಬೇಡ. ಅದು ಪ್ಯಾಕೆಟಿನಲ್ಲೇ ಅರ್ಧ ಕಲ್ಲಾಗಿರುತ್ತದೆ.

ಸಿಮೆಂಟ್ ಹಾಕಿದ ಜಾಗವನ್ನು ಕೀಳೋಕೆ ಹೋದಾಗ ಮೊದಲ ಏಟಿಗೇ ಇಟ್ಟಿಗೆಯ ಮುಖವೂ ಅದರ ಜೊತೆ ಕಿತ್ತುಬಂತು. ಮೇಸ್ತ್ರಿ ಉಳಿ ಕೆಳಗಿಟ್ಟರು. ಈಗ ಒಂದೊಂದು ಇಂಚಾಗಿ, ಸಣ್ಣ ಉಳಿಯಲ್ಲಿ ಅಂಚಿನಿಂದ ಬಿಡಿಸುತ್ತಿದ್ದೇವೆ.