ಬೋರ್ ನೀರಿಗೆ ಸಾದಾ ಮೆಂಬ್ರೇನೋ, ನ್ಯಾನೋ ಬೆರೆಸಿದ್ದೋ?

ಕೊಪ್ಪಳ, ರಾಯಚೂರು ಕಡೆ ಬೋರ್ ನೀರಿನ ಫ್ಲೋರೈಡ್ ಲೀಟರಿಗೆ 1.5 ಮಿ.ಗ್ರಾಂ ದಾಟಿದ್ದರೆ, ನ್ಯಾನೋ ಬೆಳ್ಳಿ (ಬೆಳ್ಳಿಯ ಅತಿಸೂಕ್ಷ್ಮ ಕಣ) ಹಾಕಿದ ಯುಎಫ್ (ಅಲ್ಟ್ರಾಫಿಲ್ಟ್ರೇಶನ್, ಸಣ್ಣ ರಂಧ್ರಗಳಲ್ಲಿ ನೀರು ಸೋಸುವ ಮೆಂಬ್ರೇನ್) ಬೇಡವೇ ಬೇಡ. ಬ್ಯಾಕ್ಟೀರಿಯಾವನ್ನೇನೋ ಅದು ತಡೆಯುತ್ತದೆ, ಫ್ಲೋರೈಡ್ ಅದರ ರಂಧ್ರದಲ್ಲಿ ಸಲೀಸಾಗಿ ತೂರಿಹೋಗುತ್ತದೆ. ಕಾಲುವೆಯ ರಾಡಿ ನೀರಿಗಾದರೆ ಸರಿ.

ಉಳಿದದ್ದು ಆರ್‌ಒ. ನೀರನ್ನು ಒತ್ತಡದಿಂದ ತಳ್ಳಿ ಫ್ಲೋರೈಡ್, ಉಪ್ಪು ತಡೆಯುವ ಮೆಂಬ್ರೇನ್ ಅದು. ಅದರ ಪಾಲಿಅಮೈಡ್ (ಒಂದು ಬಗೆಯ ಪ್ಲಾಸ್ಟಿಕ್) ಪದರಕ್ಕೆ ಜಿಯೋಲೈಟ್ (ಸೂಕ್ಷ್ಮ ರಂಧ್ರಗಳಿರುವ ಖನಿಜ) ನ್ಯಾನೋಕಣ ಬೆರೆಸಿದರೆ ಅದೇ ಒತ್ತಡಕ್ಕೆ ಹೆಚ್ಚು ನೀರು ಇಳಿಯುತ್ತದೆ, ಕರೆಂಟು ಉಳಿಯುತ್ತದೆ. ಆದರೆ ತಯಾರಿಕೆಯಲ್ಲಿ ಕಣಗಳು ಗಂಟುಕಟ್ಟಿದರೆ ಸುತ್ತ ಸಂದು ಬಿಟ್ಟು ಉಪ್ಪು ನುಸುಳುತ್ತದೆ. ಕ್ಲೋರಿನ್ ಸಾದಾ, ನ್ಯಾನೋ ಎರಡಕ್ಕೂ ಶತ್ರು. ಮೆಂಬ್ರೇನ್‌ಗಿಂತ ಮೊದಲು ಕಾರ್ಬನ್ ಫಿಲ್ಟರ್ ಇರಲೇಬೇಕು. ಗಡಸು ನೀರಿನ ಬಿಳಿ ಪೊರೆಯನ್ನೂ ನ್ಯಾನೋ ತಪ್ಪಿಸದು. ಆಂಟಿಸ್ಕೇಲೆಂಟ್ (ಪೊರೆಗಟ್ಟದಂತೆ ತಡೆಯುವ ರಾಸಾಯನಿಕ) ಹಾಕಿ, ಹರಿವು ಶೇ. 10 ಇಳಿದೊಡನೆ 2% ಸಿಟ್ರಿಕ್ ಆಮ್ಲದಲ್ಲಿ ತೊಳೆಯಿರಿ. ತಡಮಾಡಿದರೆ ಪೊರೆ ಕಲ್ಲಾಗುತ್ತದೆ.

ಊರಿನ ಸಣ್ಣ ಘಟಕಕ್ಕೆ ಸಾದಾ 4040 (4 ಇಂಚು ದಪ್ಪ, 40 ಇಂಚು ಉದ್ದದ ಮೆಂಬ್ರೇನ್) ಸಾಕು. ದಿನವಿಡೀ ಓಡುವ ದೊಡ್ಡ ಘಟಕಕ್ಕೆ ನ್ಯಾನೋ ಲೆಕ್ಕಹಾಕಿ.