ಸಖಿ ಕೇಂದ್ರ: ಅಂತಸ್ತು ಕೇಳದ ನೆರವು
ಬ್ಯಾಂಕ್ ಅಧಿಕಾರಿಯಾಗಿರುವ ನನ್ನ ಅಕ್ಕನೊಡನೆ ಕಳೆದ ತಿಂಗಳು, ಮನೆಯಲ್ಲಾಗಲಿ ಹೊರಗಾಗಲಿ ಹಿಂಸೆಗೊಳಗಾದ ಮಹಿಳೆಯರಿಗೆ ನೆರವಾಗುವ ನಮ್ಮ ಜಿಲ್ಲೆಯ ಸರ್ಕಾರಿ ಸಖಿ ಕೇಂದ್ರಕ್ಕೆ ಹೋಗಿದ್ದೆ. ಅದಕ್ಕೂ ಮೊದಲು ಒಂದು ಠಾಣೆಯಲ್ಲಿ ‘ಓದಿದವರ ಮನೆಯಲ್ಲೂ ಹೀಗಾಗುತ್ತದೆಯೇ’ ಎಂದು ಕೇಳಿ ನಮ್ಮನ್ನು ವಾಪಸು ಕಳುಹಿಸಿದ್ದರು. ಇಲ್ಲಿ ಆ ಪ್ರಶ್ನೆಯೇ ಏಳಲಿಲ್ಲ. ಬೆಂಚಿನ ಮೇಲೆ ಅಕ್ಕನ ಒಂದು ಬದಿಗೆ ಗಾರ್ಮೆಂಟ್ಸ್ ಕೆಲಸದ ಯುವತಿ, ಇನ್ನೊಂದು ಬದಿಗೆ ಮಗನ ಹೊಡೆತದಿಂದ ಮುಂಗೈ ಊದಿಕೊಂಡಿದ್ದ ಅಜ್ಜಿ ಕುಳಿತಿದ್ದರು. ಆಪ್ತಸಮಾಲೋಚಕಿಯವರು, ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯ್ದೆಯು ಹೆಂಡತಿಗಷ್ಟೇ ಅಲ್ಲದೆ ತಾಯಿ, ಸಹೋದರಿ ಹಾಗೂ ಮದುವೆಯಾಗದೆ ಜೊತೆಗಿರುವ ಮಹಿಳೆಗೂ ರಕ್ಷಣೆ ನೀಡುತ್ತದೆ ಎಂಬುದನ್ನು ತಾಳ್ಮೆಯಿಂದ ವಿವರಿಸಿ, ವೈದ್ಯಕೀಯ ತಪಾಸಣೆಗೂ ವಕೀಲರ ಭೇಟಿಗೂ ಅಂದೇ ವ್ಯವಸ್ಥೆ ಮಾಡಿದರು. ಅಕ್ಕ ಮಾತು ನಿಲ್ಲಿಸಿದಾಗಲೆಲ್ಲ ಅವರು ಪೆನ್ನನ್ನು ಕೆಳಗಿಟ್ಟು ಕಾಯುತ್ತಿದ್ದುದು ನನಗೆ ಎಲ್ಲಕ್ಕಿಂತ ದೊಡ್ಡದೆನಿಸಿತು. ಸೇವೆ ಉಚಿತ, 5 ದಿನಗಳವರೆಗೆ ಅಲ್ಲೇ ತಂಗಬಹುದು. ರಾತ್ರಿ ಮನೆ ಬಿಟ್ಟು ಬರಬೇಕಾದವರು ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು.